ತಿಂಗಳಿಗೆ 2,500 ರೂಪಾಯಿಯಲ್ಲಿ ಊರು ಸುತ್ತೋದು: ಏಳು ತಿಂಗಳ ಲೆಕ್ಕ

ಏಳು ತಿಂಗಳು ಮುಗಿಯಿತು. ತಿರುಗಾಟದ ಖಾತೆಯಲ್ಲಿ ಇನ್ನೂ 7,400 ರೂಪಾಯಿ ಇದೆ. ಇಷ್ಟು ಉಳಿಯುತ್ತೆ ಅಂತ ನಾನಂತೂ ಅಂದುಕೊಂಡಿರಲಿಲ್ಲ, ನನ್ನ ಹೆಂಡತಿಯಂತೂ ಇದು ಮೂರು ತಿಂಗಳಲ್ಲಿ ನಿಂತುಹೋಗುತ್ತೆ ಅಂತ ಮೊದಲೇ ಹೇಳಿಬಿಟ್ಟಿದ್ದಳು.

ನಾವು ಮೂವರು. ನಾನು, ಹೆಂಡತಿ, ಎಂಟು ವರ್ಷದ ಮಗಳು. ಯಲಚೇನಹಳ್ಳಿಯಲ್ಲಿ ಬಾಡಿಗೆ ಮನೆ. ನಾನು ಒಬ್ಬ ಆಡಿಟರ್ ಹತ್ತಿರ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ, ಅಂದರೆ ದಿನವಿಡೀ ಬೇರೆಯವರ ದುಡ್ಡಿನ ಲೆಕ್ಕ. ನಮ್ಮ ಮನೆಯ ಲೆಕ್ಕ ಮಾತ್ರ ಯಾವತ್ತೂ ಬರೆದವನಲ್ಲ.

ಇದು ಶುರುವಾಗಿದ್ದು ಕಳೆದ ಜುಲೈನ ಚಿಕ್ಕಮಗಳೂರು ಪ್ರವಾಸದಿಂದ. ಗುರುವಾರ ರಾತ್ರಿ ಊಟಕ್ಕೆ ಕೂತಾಗ ಮಾತು ಬಂತು, ಶುಕ್ರವಾರ ರಾತ್ರಿ ಹೊರಟೆವು. ಪ್ರೈವೇಟ್ ಸ್ಲೀಪರ್ ಬಸ್ಸು ಒಬ್ಬರಿಗೆ 1,100, ಹೋಗಿ ಬರೋಕೆ ಮೂವರಿಗೆ 6,600. ರೂಮು 2,000. ಟ್ಯಾಕ್ಸಿ 2,400. ಊಟ ತಿಂಡಿ 1,000. ಮುಳ್ಳಯ್ಯನಗಿರಿಗೆ ಹೋದೆವು, ಕರ್ನಾಟಕದ ಅತಿ ಎತ್ತರದ ಶಿಖರ, 1,930 ಮೀಟರ್. ಜುಲೈ ಅಲ್ವಾ, ಮೇಲೆ ನಿಂತರೆ ಪಕ್ಕದಲ್ಲಿದ್ದ ಮಗಳ ಜರ್ಕಿನ್ ಬಣ್ಣ ಬಿಟ್ಟು ಬೇರೇನೂ ಕಾಣಲಿಲ್ಲ. ಮಂಜು ನೋಡೋಕೆ ಅಷ್ಟು ದುಡ್ಡು.

ಮನೆಗೆ ಬಂದು ಸುಮ್ನೆ ಒಂದು ಹಾಳೆಯಲ್ಲಿ ಗೀಚಿದೆ. ಒಟ್ಟು 12,900 ಬಂತು. ಬಸ್ಸು, ರೂಮು ಎಲ್ಲ ಸರಿ, ಗೊತ್ತಿದ್ದದ್ದೇ. ಆದರೆ ಅದರಲ್ಲಿ 900 ರೂಪಾಯಿ ಬೆಂಗಳೂರಿನ ಒಳಗೇ ಹೋಗಿತ್ತು. ಹೊರಡುವಾಗ ಮೆಜೆಸ್ಟಿಕ್‌ಗೆ ಆಟೋ 420. ಸೋಮವಾರ ಬೆಳಗಿನ ಜಾವ ನಾಲ್ಕೂವರೆಗೆ ಬಂದು ಇಳಿದಾಗ, ನಿದ್ದೆಗಣ್ಣಲ್ಲಿ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು, ಎರಡು ಬ್ಯಾಗು ಹಿಡಿದು ನಿಂತವನ ಮುಖ ನೋಡಿ ಆಟೋದವರು ಐನೂರು ಅಂದರು, 480ಕ್ಕೆ ಒಪ್ಪಿಸಿದೆ. ದೊಡ್ಡ ಸಾಧನೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಊರಿಂದ ವಾಪಸ್ ಬರುವವರಿಗೋಸ್ಕರ ಅಂತಲೇ 2025ರ ಜನವರಿಯಿಂದ ನಮ್ಮ ಮೆಟ್ರೋ ಸೋಮವಾರ ಮಾತ್ರ 4.15ಕ್ಕೇ ಶುರುವಾಗುತ್ತೆ. ನಾನು ಚೌಕಾಸಿ ಮಾಡುತ್ತಾ ನಿಂತಿದ್ದಾಗ ಕಾಲ ಕೆಳಗೇ ರೈಲು ಓಡುತ್ತಿತ್ತು.

ಆ 12,900ನ್ನು ಪಾಠದ ಫೀಸು ಅಂತ ಲೆಕ್ಕದಿಂದ ಹೊರಗಿಟ್ಟೆ. ಆಗಸ್ಟ್ ಒಂದನೇ ತಾರೀಕಿನಿಂದ ತಿಂಗಳಿಗೆ 2,500 ಒಂದು ಹಳೇ ಉಳಿತಾಯ ಖಾತೆಗೆ ತಾನಾಗಿ ಹೋಗುವ ಹಾಗೆ ಮಾಡಿದೆ. ಆ ಖಾತೆಯ ಎಟಿಎಂ ಕಾರ್ಡು ಹೆಂಡತಿಯ ಸೀರೆ ಬೀರುವಿನಲ್ಲಿದೆ. ಆರ್‌ಡಿ ಕಟ್ಟೋಣ ಅಂದುಕೊಂಡಿದ್ದೆ, ಆದರೆ ಮಧ್ಯೆ ಟಿಕೆಟ್ ತೆಗೆಯೋಕೆ ದುಡ್ಡು ಕೈಗೆ ಸಿಗಬೇಕಲ್ಲ. ಚೀಟಿ ಬೇಡವೇ ಬೇಡ ಅಂತ ಅವಳು ಹೇಳಿದಳು, ಅದರ ಕಥೆ ಬೇರೆ. ಆಗಸ್ಟ್‌ನಲ್ಲಿ ಎಲ್ಲೂ ಹೋಗಲಿಲ್ಲ.

ಸೆಪ್ಟೆಂಬರ್. ಶ್ರವಣಬೆಳಗೊಳ, ಒಂದು ದಿನದ್ದು. ಹಾಸನಕ್ಕೆ ಹೋಗುವ ರೈಲು ಮಾರ್ಗ 2017ರಲ್ಲಿ ಆದ ಮೇಲೆ ಇದು ಇಷ್ಟು ಸುಲಭ ಅಂತ ನಮಗೆ ಗೊತ್ತೇ ಇರಲಿಲ್ಲ. ಮೊಬೈಲ್‌ನಲ್ಲೇ ಜನರಲ್ ಟಿಕೆಟ್ ತೆಗೆದೆ, ಮಗಳಿಗೆ ಅರ್ಧ, ಮೂವರಿಗೂ ಸೇರಿ ಒಂದು ಕಡೆಗೆ 175. ಆದರೆ ಆವತ್ತು ಭಾನುವಾರ, ಭಾನುವಾರ ಮೆಟ್ರೋ ಶುರುವಾಗೋದೇ ಏಳಕ್ಕೆ. ಯಶವಂತಪುರದಲ್ಲಿ ರೈಲು ಹಿಡಿಯಬೇಕು ಅಂತ ಮತ್ತೆ ಆಟೋ, 420. ಮನೆಯಿಂದ ಸ್ಟೇಷನ್ನಿಗೆ ಹೋಗೋಕೆ ಕೊಟ್ಟಿದ್ದು ಸ್ಟೇಷನ್ನಿಂದ ಗೊಮ್ಮಟನ ಹತ್ತಿರ ಹೋಗೋಕೆ ಕೊಟ್ಟಿದ್ದರ ಎರಡು ಪಟ್ಟಿಗಿಂತ ಜಾಸ್ತಿ! ಆವತ್ತು ರೈಲಿನಲ್ಲಿ ಹೆಂಡತಿ ಹೇಳಿದ ಮಾತನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ: "ರೀ, ನೀವು ಲೆಕ್ಕ ಬರೆಯೋದು ಆಮೇಲೆ ಇರಲಿ, ಮೊದಲು ಆಟೋಗೆ ಕೈ ತೋರಿಸೋದು ಬಿಡಿ."

ಬಿಟ್ಟೆ. ಒಂದು ದಿನದ ಪ್ರವಾಸವನ್ನೆಲ್ಲ ಈಗ ಎರಡನೇ ಶನಿವಾರಕ್ಕೆ ಹಾಕಿದ್ದೇವೆ, ಆವತ್ತು ಆಫೀಸಿಗೂ ರಜೆ, ಮೆಟ್ರೋನೂ ಐದಕ್ಕೇ ಇರುತ್ತೆ. ಅಂದ ಹಾಗೆ, ಬೆಟ್ಟ ಹತ್ತುವವರು ಕಾಲುಚೀಲ ಮರೆಯಬೇಡಿ. ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಚಪ್ಪಲಿ ಇಲ್ಲ, ಹನ್ನೊಂದು ಗಂಟೆಗೆಲ್ಲ ಬಂಡೆ ದೋಸೆ ಕಾವಲಿ ಆಗಿರುತ್ತೆ. ಒಟ್ಟು ಖರ್ಚು 1,010.

ಅಕ್ಟೋಬರ್. ಹಂಪಿ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಮುಂದಿನ ಎಲ್ಲದಕ್ಕೂ ಇದೇ ಅಚ್ಚು ಆಯಿತು.

ರೈಲು ಟಿಕೆಟ್ ಈಗ 60 ದಿನ ಮೊದಲು ಬೆಳಗ್ಗೆ ಎಂಟಕ್ಕೆ ಸಿಗುತ್ತೆ. ಮೊದಲು 120 ದಿನ ಇತ್ತು, 2024ರ ನವೆಂಬರ್‌ನಿಂದ ಕಡಿಮೆ ಮಾಡಿದರು. ಎಲ್ಲರೂ ಬೈದರು, ನನಗೇನೋ ಒಳ್ಳೆಯದೇ ಆಯಿತು. ನಾಲ್ಕು ತಿಂಗಳ ಮುಂದಿನ ಶುಕ್ರವಾರ ನಾನು ಎಲ್ಲಿರುತ್ತೇನೆ ಅಂತ ಯಾರಿಗೆ ಗೊತ್ತು, ಎರಡು ತಿಂಗಳಾದರೆ ಹೇಳಬಹುದು. ದಸರಾ ರಜೆಯ ವಾರ ಬಿಟ್ಟು ಅದರ ಮುಂದಿನ ವಾರಕ್ಕೆ ಹಂಪಿ ಎಕ್ಸ್‌ಪ್ರೆಸ್ ಸ್ಲೀಪರ್ ತೆಗೆದೆ. ಮೊದಲು ವಾಪಸ್ ಬರುವ ಟಿಕೆಟ್, ಆಮೇಲೆ ಹೋಗುವ ಟಿಕೆಟ್. ಭಾನುವಾರ ರಾತ್ರಿ ಬೆಂಗಳೂರಿಗೆ ಬರೋದೇ ಎಲ್ಲರ ಕಷ್ಟ, ಹೋಗೋಕೆ ಹೇಗಾದರೂ ಹೋಗಬಹುದು. ಮಗಳಿಗೆ ಬರ್ತ್ ಬೇಡ ಅಂದರೆ ಅರ್ಧ ಟಿಕೆಟ್, ಅವಳು ಅಮ್ಮನ ಜೊತೆ ಲೋಯರ್ ಬರ್ತ್‌ನಲ್ಲಿ ಮಲಗುತ್ತಾಳೆ. ಇನ್ನೊಂದೆರಡು ವರ್ಷ ಈ ಆಟ ನಡೆಯುತ್ತೆ. ಹೋಗಿ ಬರೋಕೆ 1,450.

ಮನೆಯಿಂದ ಮೆಜೆಸ್ಟಿಕ್‌ಗೆ ಈ ಸಲ ಬಿಎಂಟಿಸಿ. ಅಮ್ಮ ಮಗಳಿಗೆ ಶಕ್ತಿ, ಟಿಕೆಟ್ ನನ್ನದು ಒಂದೇ. ಎರಡು ಗಂಟೆ ಮೊದಲೇ ಹೊರಡಬೇಕು, ಅದಕ್ಕೆ ನಾನು ಗೊಣಗಿದೆ. ಸ್ಟೇಷನ್ನಿನಲ್ಲೇ ಕೂತು ಬುತ್ತಿ ಬಿಚ್ಚಿದೆವು, ಚಪಾತಿ, ಚಟ್ನಿಪುಡಿ, ಪುಳಿಯೋಗರೆ. ಗೊಣಗಾಟ ನಿಂತಿತು.

ಬೆಳಗ್ಗೆ ಹೊಸಪೇಟೆ. ಇಲ್ಲಿ ಒಂದು ವಿಷಯ ಕಲಿತೆ. ಬಸ್ ಸ್ಟ್ಯಾಂಡ್ ಹತ್ತಿರದ ಹಳೇ ಲಾಡ್ಜುಗಳಲ್ಲಿ 24 ಗಂಟೆ ಲೆಕ್ಕ ಇರುತ್ತೆ, ನೀವು ಎಷ್ಟು ಹೊತ್ತಿಗೆ ಕಾಲಿಡುತ್ತೀರೋ ಮಾರನೇ ದಿನ ಅಷ್ಟೇ ಹೊತ್ತಿಗೆ ಬಿಡಬೇಕು. ಮಧ್ಯಾಹ್ನ ಹನ್ನೆರಡರ ಲೆಕ್ಕದ ಹೋಟೆಲಿಗೆ ಬೆಳಗ್ಗೆ ಏಳಕ್ಕೆ ಹೋದರೆ ಒಂದೋ ಹೊರಗೆ ಕೂರಿಸುತ್ತಾರೆ, ಇಲ್ಲ ಜಾಸ್ತಿ ಕೇಳುತ್ತಾರೆ. ರಾತ್ರಿ ರೈಲಿಗೆ ಬರುವವರಿಗೆ 24 ಗಂಟೆಯೇ ಸರಿ. 900 ರೂಪಾಯಿ. ಸ್ನಾನ ಮಾಡಿ ಇಡ್ಲಿ ತಿಂದು ಹಂಪಿ ಬಸ್ಸು ಹತ್ತಿದೆವು.

ದುಡ್ಡು ಕೊಟ್ಟು ನೋಡೋದನ್ನೆಲ್ಲ ಶನಿವಾರವೇ ಮುಗಿಸಿದೆವು. ವಿಜಯವಿಠ್ಠಲ ದೇವಸ್ಥಾನದ 40 ರೂಪಾಯಿ ಟಿಕೆಟ್ಟೇ ಅದೇ ದಿನ ಕಮಲ ಮಹಲಿಗೂ, ಕಮಲಾಪುರದ ಮ್ಯೂಸಿಯಂಗೂ ನಡೆಯುತ್ತೆ. ಮರುದಿನ ನಡೆಯಲ್ಲ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ. ಭಾನುವಾರ ಹೇಮಕೂಟ, ಸಾಸಿವೆಕಾಳು ಗಣಪ, ಕಡಲೆಕಾಳು ಗಣಪ, ಆಮೇಲೆ ವಿರೂಪಾಕ್ಷ ಬಜಾರಿನಿಂದ ಹೊಳೆ ಪಕ್ಕ ಪುರಂದರ ಮಂಟಪದ ಕಡೆ ನಡಿಗೆ. ಸಾಸಿವೆಗಿಂತ ಕಡಲೆ ದೊಡ್ಡದು, ಗಣಪನೂ ಹಾಗೇನಾ ಅಂತ ಮಗಳು ಕೇಳಿದಳು. ಎದುರಿಗೆ ಹೋಗಿ ಅಳೆದಳು, ಹೌದು, ಕಡಲೆಕಾಳೇ ದೊಡ್ಡವನು.

ಒಟ್ಟು 3,340. ಅಂದರೆ ರಾತ್ರಿ ಉಳಿಯುವ ಪ್ರವಾಸ ತಿಂಗಳಿಗೊಂದು ಆಗಲ್ಲ. ಒಂದು ತಿಂಗಳು ಅದು, ಮುಂದಿನ ತಿಂಗಳು ಒಂದು ದಿನದ್ದು, ಹೀಗೆ ಮಾಡಿದರೆ ಲೆಕ್ಕ ಕೂಡುತ್ತೆ.

ನವೆಂಬರ್‌ನಲ್ಲಿ ಸ್ಕೂಲಿನ ಯಾವುದೋ ಫೀಸು ಬಂತು, ಹಾಗಾಗಿ ಬಸವನಗುಡಿ ಕಡಲೆಕಾಯಿ ಪರಿಷೆ ಅಷ್ಟೇ. ಕಡಲೆಕಾಯಿ, ಬತ್ತಾಸು, ಪೀಪಿ ಸೇರಿ 260. ಇದನ್ನು ಪ್ರವಾಸ ಅಂತ ಬರೆದರೆ ಹೆಂಡತಿ ಒಪ್ಪಲಿಲ್ಲ, "ಬಿಎಂಟಿಸಿಯಲ್ಲಿ ಹೋಗಿಬಂದದ್ದು ಯಾವ ಪ್ರವಾಸ ರೀ" ಅಂದಳು. ಖರ್ಚು ಮಾತ್ರ ಬರೆದಿದ್ದೇನೆ.

ಡಿಸೆಂಬರ್. ವಿಜಯಪುರಕ್ಕೆ ಟಿಕೆಟ್ ಆಗಿತ್ತು, ಹಿಂದಿನ ದಿನ ಮಗಳಿಗೆ ಜ್ವರ. ಎರಡೂ ಕಡೆಯದು ಕ್ಯಾನ್ಸಲ್, ಒಬ್ಬೊಬ್ಬರಿಗೆ ಒಂದು ಕಡೆಗೆ 120 ಕಡಿತ, 720 ಹೋಯಿತು. ಗೋಳಗುಮ್ಮಟದಲ್ಲಿ ಕೂಗೋಕೆ ಅಂತ ಅವಳು ಒಂದು ವಾಕ್ಯ ಬರೆದಿಟ್ಟುಕೊಂಡಿದ್ದಳು, ಅದನ್ನು ಮಂಚದಲ್ಲೇ ಮಲಗಿ ಕೂಗಿದಳು.

ಜನವರಿ. ಬಾದಾಮಿ. ನಾವಿರೋದು ಬೆಂಗಳೂರಿನ ಬನಶಂಕರಿ ಪಕ್ಕ, ಮೂಲ ಬನಶಂಕರಿ ಇರೋದು ಬಾದಾಮಿ ಪಕ್ಕ, ಇಷ್ಟು ವರ್ಷ ಆದರೂ ನೋಡಿರಲಿಲ್ಲ. ಲಾಡ್ಜಿನಲ್ಲಿ ಮಾತ್ರ ಏಟು ಬಿತ್ತು. ಫೋನಿನಲ್ಲಿ 24 ಗಂಟೆ ಅಂದವರು ಮಾರನೇ ದಿನ ಹಾಗೆ ಹೇಳೇ ಇಲ್ಲ ಅಂದರು, 400 ಜಾಸ್ತಿ ಕೊಟ್ಟು ಬಂದೆ. ಈಗ ಫೋನ್ ಮಾಡಿದ ಮೇಲೆ ಅದನ್ನೇ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳುತ್ತೇನೆ.

ಗುಹೆಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ಮೂರನೆಯದರಲ್ಲಿ ಮಂಗಳೇಶನ 578ರ ಶಾಸನ ಇದೆ, ನೋಡಿ. ನನಗೆ ನೆನಪಿರೋದು ಬನಶಂಕರಿ ಗುಡಿ ಮುಂದಿನ ಊಟ. ತಲೆ ಮೇಲೆ ಬುಟ್ಟಿ ಹೊತ್ತು ಬಂದ ಒಬ್ಬ ಅಜ್ಜಿ ನಮ್ಮನ್ನು ಮರದ ಕೆಳಗೆ ಕೂರಿಸಿ, ತಟ್ಟೆಯಲ್ಲಿ ಕಡಕ್ ಜೋಳದ ರೊಟ್ಟಿ, ಬದನೇಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಒಂದು ಹಸಿ ಈರುಳ್ಳಿ ಇಟ್ಟಳು. ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಮೊಸರು, ಬಗ್ಗಿಸಿದರೂ ಬೀಳದಷ್ಟು ಗಟ್ಟಿ. ಮಗಳು ಸಾಕು ಅಂದರೂ ಬಿಡಲಿಲ್ಲ, "ಇನ್ನೊಂದ್ ತಿನ್ನವ್ವಾ, ದೂರದಿಂದ ಬಂದೀ" ಅಂತ ಮುರಿದು ಹಾಕಿದಳು. ಹಾಕಿದ ಆ ರೊಟ್ಟಿಗೆ ದುಡ್ಡು ಹಿಡಿಯಲಿಲ್ಲ. ಲಾಡ್ಜಿನ 400ರ ಸಿಟ್ಟು ಅಲ್ಲಿಗೆ ಇಳಿಯಿತು. ಒಟ್ಟು 3,900.

ಫೆಬ್ರವರಿ. ಹಿಂದೂಪುರದವರೆಗೆ ರೈಲು, ಅಲ್ಲಿಂದ ಬಸ್ಸಿನಲ್ಲಿ ಲೇಪಾಕ್ಷಿ. ಅಭ್ಯಾಸಬಲ ನೋಡಿ, ಹೆಂಡತಿ ಬಸ್ಸು ಹತ್ತಿದ ಕೂಡಲೇ ಆಧಾರ್ ಕಾರ್ಡು ಚಾಚಿದಳು. ಕಂಡಕ್ಟರ್ ನಗುತ್ತಾ ಕನ್ನಡದಲ್ಲೇ "ಇದು ಆಂಧ್ರ ಅಕ್ಕ" ಅಂದರು. 870.

ಹೀಗೆ ಆಗಸ್ಟ್‌ನಿಂದ ಹಾಕಿದ್ದು 17,500, ಖರ್ಚು 10,100. ಬೆಂಗಳೂರಿನೊಳಗಿನ ಓಡಾಟವನ್ನು ಬೇರೆ ಕೆಂಪು ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಚಿಕ್ಕಮಗಳೂರಿಗೆ 900 ಇದ್ದದ್ದು ಹಂಪಿಗೆ 240 ಆಯಿತು, ಹೋಗುವಾಗ ಬಸ್ಸು ಮತ್ತೆ ಚಹಾ ಸೇರಿ 60, ಸೋಮವಾರ ಬೆಳಗ್ಗೆ ಮೂವರಿಗೆ ಮೆಟ್ರೋ 180. ಲೇಪಾಕ್ಷಿಗೆ ಇನ್ನೂ ಕಡಿಮೆ.

ಮುಂದಿನದು ಬೇಸಿಗೆ ರಜೆಗೆ. ನಾನು ತಾಳಗುಪ್ಪ ರೈಲು, ಜೋಗ ಅಂದೆ. "ಏಪ್ರಿಲ್‌ನಲ್ಲಿ ಜೋಗದಲ್ಲಿ ನೀರೆಲ್ಲಿರುತ್ತೆ ರೀ, ಮತ್ತೆ ಮಂಜು ನೋಡಿದ ಹಾಗೇ ಬಂಡೆ ನೋಡಿ ಬರೋದಾ?" ಅಂದಳು. ಸರಿ ಅಂತ ಅದೇ ರೈಲಿನಲ್ಲಿ ಸಾಗರಕ್ಕೆ ಇಳಿದು ಇಕ್ಕೇರಿ, ಕೆಳದಿ ನೋಡೋದು ಅಂತ ಆಯಿತು. ಎರಡು ರಾತ್ರಿ ಉಳಿಯೋಕೆ ಈ 7,400ರಲ್ಲಿ ಸಾಕಾಗುತ್ತೆ. ವಾಪಸ್ ಟಿಕೆಟ್ ಇವತ್ತು ಬೆಳಗ್ಗೆ ಎಂಟು ಗಂಟೆ ಮೂರು ನಿಮಿಷಕ್ಕೆ ಕನ್ಫರ್ಮ್ ಆಗಿ ಸಿಕ್ಕಿತು. ಹೋಗೋದು ವೇಟಿಂಗ್ ಲಿಸ್ಟ್ ಆರು.