ಗಾಡಿ ಕೆಳಗಿನ ಕೆಂಪು ಕಲೆ

ಎರಡು ತಿಂಗಳಿಂದ ಆ ಕಲೆ ಅಲ್ಲೇ ಇತ್ತು. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ನಾನು ಗಾಡಿ ನಿಲ್ಲಿಸುವ ಜಾಗದಲ್ಲಿ, ಮುಂದಿನ ಎಡಗಡೆ ಚಕ್ರದ ಪಕ್ಕಕ್ಕೆ. ಮೊದಲು ಐದು ರೂಪಾಯಿ ನಾಣ್ಯದಷ್ಟು ಇತ್ತು, ಆಮೇಲೆ ಸೆಟ್ ದೋಸೆಯಷ್ಟಾಯಿತು. ಅದನ್ನು ಮೊದಲು ನೋಡಿದ್ದು ನಾನಲ್ಲ, ವಾಚ್‌ಮನ್ ತಾತ. ರಾಯಚೂರು ಕಡೆಯವರು. "ಸರ್ರ, ನಿಮ್ಮ ಗಾಡಿ ಕೆಳಗ ಕೆಂಪನ್ನ ಎಣ್ಣಿ ಬಿದ್ದೈತ್ರೀ" ಎಂದರು. ನಾನು ಬಗ್ಗಿಯೂ ನೋಡದೆ "ಎಸಿ ನೀರು ತಾತ" ಎಂದೆ. ಎಸಿ ನೀರಿಗೆ ಬಣ್ಣ ಎಲ್ಲಿಂದ ಬರಬೇಕು? ತಾತ ವಾದ ಮಾಡಲಿಲ್ಲ. ಮಾರನೇ ದಿನ ಒಂದು ರಟ್ಟು ತಂದು ಗಾಡಿ ಕೆಳಗೆ ಹಾಸಿದ್ದರು. ನೆಲ ಗಲೀಜಾಗದಿರಲಿ ಅಂತ ಇರಬೇಕು ಅಂದುಕೊಂಡೆ. ಅದು ನನಗೆ ತೋರಿಸಲಿಕ್ಕೆ ಹಾಸಿದ ರಟ್ಟು ಅಂತ ಈಗ ಅನ್ನಿಸುತ್ತದೆ.

ಗಾಡಿ ಒಂಬತ್ತು ವರ್ಷ ಹಳೆಯದು, ಸೆಕೆಂಡ್ ಹ್ಯಾಂಡ್, ಆಟೊಮ್ಯಾಟಿಕ್. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕ್ಲಚ್ ತುಳಿದು ತುಳಿದು ಎಡಮಂಡಿ ಹಾಳಾಗಿತ್ತು, ಅದಕ್ಕೇ 4,20,000 ಕೊಟ್ಟು ಇದನ್ನು ತಗೊಂಡೆ. ಮಾರಿದವನು "ಗೇರ್‌ಬಾಕ್ಸ್ ಆಯಿಲ್ ಲೈಫ್‌ಟೈಮ್ ಸಾರ್, ಮುಟ್ಟೋ ಹಾಗೇ ಇಲ್ಲ" ಎಂದಿದ್ದ. ಯಾರ ಲೈಫ್‌ಟೈಮು ಅಂತ ಕೇಳಬೇಕಿತ್ತು. ಎಂಜಿನ್ ಆಯಿಲ್‌ಗೆ ಇರುವಂತೆ ಇದಕ್ಕೆ ಎಷ್ಟಿದೆ ಅಂತ ನೋಡುವ ಕಡ್ಡಿಯೂ ಇರಲಿಲ್ಲ. ಹಾಗಾಗಿ ಎಷ್ಟು ಸೋರಿದೆ ಅಂತ ನೋಡುವ ದಾರಿಯೂ ನನಗಿರಲಿಲ್ಲ. ಬೆಳಿಗ್ಗೆ ಡಿಗೆ, ಅಂದರೆ ಮುಂದಕ್ಕೆ ಹೋಗುವ ಗೇರಿಗೆ, ಹಾಕಿದರೆ ಗಾಡಿ ಒಂದೆರಡು ಕ್ಷಣ ಯೋಚನೆ ಮಾಡಿ, ಆಮೇಲೆ ಒಂದು ಸಣ್ಣ ಒದೆ ಕೊಟ್ಟು ಹೊರಡುತ್ತಿತ್ತು. ಚಳಿಗೆ ಇರಬೇಕು ಅಂದುಕೊಂಡೆ. ಮನುಷ್ಯನಿಗೆ ಖರ್ಚು ಬೇಡ ಅನ್ನಿಸಿದಾಗ ಎಂಥ ಕಾರಣ ಬೇಕಾದರೂ ಸಿಗುತ್ತದೆ.

ಆ ಸಲ ಪುತ್ತೂರಿಗೆ ಹೋಗಿದ್ದು ಹೆಂಡತಿಯ ತಮ್ಮನ ಗೃಹಪ್ರವೇಶಕ್ಕೆ. ಹೋಗುವಾಗ ಘಾಟಿ ಇಳಿಜಾರು, ಏನೂ ಗೊತ್ತಾಗಲಿಲ್ಲ. ಬರುವಾಗ ಅತ್ತೆ ಡಿಕ್ಕಿ ತುಂಬ ತೆಂಗಿನಕಾಯಿ, ಒಂದು ಮೂಟೆ ಕುಚ್ಚಲಕ್ಕಿ, ಹಲಸಿನ ಹಪ್ಪಳ ತುಂಬಿಸಿದ್ದರು. ಗುಂಡ್ಯ ದಾಟಿ ಶಿರಾಡಿ ಹತ್ತಲು ಶುರು ಮಾಡಿದೆವು. ಮುಂದೆ ಲಾರಿಗಳ ಸಾಲು, ನಿಲ್ಲುವುದು, ಹೊರಡುವುದು, ಮತ್ತೆ ನಿಲ್ಲುವುದು. "ಏನೋ ಸುಟ್ಟ ವಾಸನೆ ಬರ್ತಿದೆ ಅಲ್ವಾ?" ಎಂದಳು ಹೆಂಡತಿ. "ಮುಂದಿನ ಲಾರೀದು" ಎಂದೆ. ಮಾರನಹಳ್ಳಿ ಹತ್ತಿರ ಬರುವಷ್ಟರಲ್ಲಿ ಆಕ್ಸಿಲರೇಟರ್ ತುಳಿದರೆ ಆರ್‌ಪಿಎಂ ಮುಳ್ಳು 4,000ಕ್ಕೆ ಏರುತ್ತಿತ್ತು, ಸ್ಪೀಡು ಮಾತ್ರ 20 ದಾಟುತ್ತಿರಲಿಲ್ಲ. ಎಂಜಿನ್ ಕಿರುಚುತ್ತಿದೆ, ಚಕ್ರಕ್ಕೆ ಅದು ಕೇಳಿಸುತ್ತಲೇ ಇಲ್ಲ. ಹೇಗೋ ದೋಣಿಗಲ್ ತನಕ ಎಳೆದುಕೊಂಡು ಬಂತು. ಅಲ್ಲಿ ಒಂದು ಏರಿನಲ್ಲಿ ಪೂರ್ತಿ ಕೈಚೆಲ್ಲಿತು. ಡಿಗೆ ಹಾಕಿದರೂ ಅಷ್ಟೇ, ರಿವರ್ಸ್‌ಗೆ ಹಾಕಿದರೂ ಅಷ್ಟೇ, ಅಲ್ಲಾಡಲಿಲ್ಲ.

ಒಬ್ಬ ಲಾರಿ ಡ್ರೈವರ್ ಇಳಿದು ಬಂದ. ಗಾಡಿ ಕೆಳಗೆ ಕೈ ಹಾಕಿ, ಬೆರಳು ಮೂಸಿ, "ಗೇರ್ ಆಯಿಲ್ ಹೋಗಿದೆ ಸಾರ್, ಇನ್ನು ಸ್ಟಾರ್ಟ್ ಮಾಡ್ಬೇಡಿ" ಎಂದ. ಜೀಪಿನವನೊಬ್ಬ ಹಗ್ಗ ಕಟ್ಟಿ ಸಕಲೇಶಪುರಕ್ಕೆ ಎಳೆದು ಬಿಡುತ್ತೇನೆ ಎಂದು ಮುಂದೆ ಬಂದಾಗ ಅದನ್ನು ತಡೆದವನೂ ಅವನೇ. ಕಾರಣ ನನಗೆ ಆಮೇಲೆ ತಿಳಿಯಿತು. ಮ್ಯಾನುಯಲ್ ಗಾಡಿಯಲ್ಲಿ ಗೇರ್ ಎಣ್ಣೆಯ ಕೆಲಸ ಹೆಚ್ಚಾಗಿ ಹಲ್ಲು ಸವೆಯದ ಹಾಗೆ ನೋಡಿಕೊಳ್ಳುವುದು. ನನ್ನದರಂಥ ಆಟೊಮ್ಯಾಟಿಕ್‌ನಲ್ಲಿ ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವುದೇ ಎಣ್ಣೆ, ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದೂ ಎಣ್ಣೆಯ ಒತ್ತಡವೇ. ಎಣ್ಣೆ ಕಡಿಮೆಯಾದರೆ ಪ್ಲೇಟು ಜಾರುತ್ತದೆ, ಜಾರಿದರೆ ಕಾಯುತ್ತದೆ, ಕಾದರೆ ಸುಡುತ್ತದೆ. ಆ ಎಣ್ಣೆಯನ್ನು ಸುತ್ತಿಸುವ ಪಂಪು ತಿರುಗುವುದು ಎಂಜಿನ್ ಓಡುತ್ತಿದ್ದರೆ ಮಾತ್ರ. ಎಂಜಿನ್ ಆಫ್ ಮಾಡಿ, ಗೇರ್‌ಬಾಕ್ಸಿಗೆ ಜೋಡಿಸಿರುವ ಮುಂದಿನ ಚಕ್ರ ನೆಲದ ಮೇಲೆ ಉರುಳಿಸಿಕೊಂಡು ಎಳೆದರೆ ಒಳಗೆಲ್ಲ ಒಣಗಿದ್ದೇ ತಿರುಗುತ್ತದೆ. ಮುಂದಿನ ಚಕ್ರವನ್ನಾದರೂ ನೆಲದಿಂದ ಎತ್ತಿರಬೇಕು, ಇಲ್ಲ ಗಾಡಿಯನ್ನು ಪೂರ್ತಿ ಲಾರಿ ಮೇಲೆ ಹತ್ತಿಸಿ ಒಯ್ಯಬೇಕು. ಹಾಗೆ ಹಾಸನಕ್ಕೆ ಒಯ್ಯಲು 6,500 ರೂಪಾಯಿ. ಹೆಂಡತಿ ಮಗಳು ಬಸ್ ಹತ್ತಿದರು. ಹಪ್ಪಳವೂ ಅವರ ಜೊತೆ ಹೋಯಿತು, ತೆಂಗಿನಕಾಯಿ ಅಕ್ಕಿ ನನ್ನ ಪಾಲಿಗೆ ಉಳಿಯಿತು.

ಸೋಮವಾರ ಒಂದು ದೊಡ್ಡ ಸರ್ವಿಸ್ ಸೆಂಟರ್‌ಗೆ ಹೋದೆ. ಗಾಜಿನ ಬಾಗಿಲು, ಎಸಿ, ಪುಕ್ಕಟೆ ಕಾಫಿ. ಮಧ್ಯಾಹ್ನದ ಹೊತ್ತಿಗೆ ಅಡ್ವೈಸರ್ ಹುಡುಗ ಒಂದು ಪ್ರಿಂಟ್‌ಔಟ್ ಕೊಟ್ಟ. ಗೇರ್‌ಬಾಕ್ಸ್ ಅಸೆಂಬ್ಲಿ ಬದಲಾವಣೆ, 1,85,000. ಟ್ಯಾಕ್ಸ್ ಬೇರೆ.

"ಎಲ್ಲಿಂದ ಸೋರ್ತಿದೆ ಅಂತ ನೋಡಿದ್ರಾ?"

"ನಾವು ಒಳಗೆ ಬಿಚ್ಚಲ್ಲ ಸಾರ್. ಅಸೆಂಬ್ಲಿ ಚೇಂಜ್ ಮಾಡೋದೇ."

ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿದೆ. ಎಲ್ಲಾದರೂ ಗುದ್ದಿದ್ದರೆ ನೋಡಬಹುದು, ಸವೆದು ಹಾಳಾದರೆ ಕ್ಲೈಮ್ ಇಲ್ಲ ಎಂದರು. ಗುದ್ದಿದೆ ಅಂತ ಹೇಳಿಬಿಡೋಣ ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಕಾಫಿ ಕುಡಿದ ಲೋಟ ಅಲ್ಲೇ ಇಟ್ಟು, ಚೆಕ್ ಮಾಡಿದ್ದಕ್ಕೆ 1,770 ಕಟ್ಟಿ, ಗಾಡಿ ವಾಪಸ್ ತಗೊಂಡೆ.

ಆಫೀಸಿನ ಗೆಳೆಯನೊಬ್ಬ ಹಾಸನದವನು. ಅವನು ಹೇಳಿದ ಗ್ಯಾರೇಜು ಹತ್ತಿರವೇ ಇತ್ತು, ಅವರೇ ಬಂದು ಗಾಡಿ ಹತ್ತಿಸಿಕೊಂಡು ಹೋದರು. ತಗಡಿನ ಚಪ್ಪರ, ಎರಡು ರ‍್ಯಾಂಪು. ನಡೆಸುವವರನ್ನು ಎಲ್ಲರೂ ಭಾಯ್ ಅನ್ನುತ್ತಿದ್ದರು, ನಾನೂ ಅಂದೆ. ಭಾಯ್ ಬೆಲೆ ಹೇಳಲಿಲ್ಲ. ಮೊದಲು ಗಾಡಿಯ ತಳವನ್ನು ಚೆನ್ನಾಗಿ ತೊಳೆಸಿದರು. ಎಲ್ಲಾ ಕಡೆ ಎಣ್ಣೆ ಮೆತ್ತಿದ್ದರೆ ಎಲ್ಲಿಂದ ಬಂತು ಅಂತ ಹೇಗೆ ಗೊತ್ತಾಗುತ್ತದೆ? ಆಮೇಲೆ ಹಳೇ ಎಣ್ಣೆ ಇಳಿಸಿ, ಹೊಸದು ಸ್ವಲ್ಪ ತುಂಬಿ, ಎಂಜಿನ್ ಸ್ಟಾರ್ಟ್ ಮಾಡಿ, ಕೆಳಗೆ ಒಂದು ಸ್ಟೂಲ್ ಹಾಕಿಕೊಂಡು ಟಾರ್ಚ್ ಹಿಡಿದು ಕೂತರು. ಅರ್ಧ ಗಂಟೆ. ನಾನೂ ಪಕ್ಕದಲ್ಲಿ ನಿಂತೆ. "ಬನ್ನಿ, ನೋಡಿ" ಎಂದು ಕರೆದರು. ಎಡಗಡೆ ಚಕ್ರ ತಿರುಗಿಸುವ ಆಕ್ಸಲ್ ಗೇರ್‌ಬಾಕ್ಸಿನ ಒಳಗೆ ಹೋಗುವ ಜಾಗದಲ್ಲಿ ಒಂದು ಕೆಂಪು ಹನಿ ನಿಧಾನಕ್ಕೆ ದಪ್ಪವಾಗುತ್ತಿತ್ತು.

ಆಯಿಲ್ ಸೀಲು. ಬಳೆಯಷ್ಟು ಅಗಲದ ರಬ್ಬರ್ ಉಂಗುರ. ಬಿಚ್ಚಿ ಕೈಗೆ ಕೊಟ್ಟರು. ಮೆತ್ತಗಿರಬೇಕಾದ ತುಟಿ ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಾಗಿ ಸೀಳಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಸೀಲು ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಬಂತು, 650 ರೂಪಾಯಿ. ಎಣ್ಣೆಗೆ 5,400. ಮಜೂರಿ 3,000. ಟೋಯಿಂಗು, ಆ ಗಾಜಿನ ಬಾಗಿಲಿನ ಬಿಲ್ಲು ಎಲ್ಲ ಸೇರಿ 17,320. ಲಾಡ್ಜು, ಊಟ ಲೆಕ್ಕಕ್ಕಿಲ್ಲ.

ಊರೆಲ್ಲ ಸುತ್ತಿ ಆ ಸರ್ವಿಸ್ ಸೆಂಟರನ್ನು ಬೈಯುವ ಹುಮ್ಮಸ್ಸಿನಲ್ಲಿದ್ದೆ. ಭಾಯ್ ಹತ್ತಿರವೇ ಶುರು ಮಾಡಿದೆ. ಅವರು ಮಾತಾಡದೆ, ನನ್ನ ಗಾಡಿಯಿಂದ ಇಳಿಸಿದ ಹಳೇ ಎಣ್ಣೆಯ ಡಬ್ಬ ತಂದು ಮುಂದಿಟ್ಟರು. ಕೆಂಪು ಎಲ್ಲಿದೆ? ಕಾಫಿ ಡಿಕಾಕ್ಷನ್ ಬಣ್ಣ, ಸುಟ್ಟ ವಾಸನೆ. ಶಿರಾಡಿಯಲ್ಲಿ ನಾನು ಲಾರಿಯ ತಲೆಗೆ ಕಟ್ಟಿದ್ದು ಇದೇ ವಾಸನೆ.

"ಎರಡು ತಿಂಗಳ ಹಿಂದೆ ಬಂದಿದ್ರೆ ಸೀಲ್ ಹಾಕಿ ಕಳಿಸ್ತಿದ್ದೆ, ಮುಗೀತಿತ್ತು. ಈಗ ಪ್ಲೇಟು ಎಷ್ಟು ತಿಂದಿದೆಯೋ ಬಿಚ್ಚದೆ ಹೇಳಕ್ಕಾಗಲ್ಲ. 5,000 ಕಿಲೋಮೀಟರ್ ಓಡಿಸಿ, ಮತ್ತೆ ಎಣ್ಣೆ ಇಳಿಸೋಣ. ಕೆಂಪಗೇ ಇದ್ರೆ ಸರಿ. ಕಪ್ಪು ಪುಡಿ, ಕಬ್ಬಿಣದ ಚೂರು ಬಂದ್ರೆ ಆ ಶೋರೂಮ್‌ನೋರು ಹೇಳಿದ್ದೇ ಆಗುತ್ತೆ."

ಮನೆಗೆ ಬಂದು ಒಂದು ತೆಂಗಿನಕಾಯಿ ವಾಚ್‌ಮನ್ ತಾತನಿಗೆ ಕೊಟ್ಟೆ. "ಎಸಿ ನೀರು ನಿಂತೇನ್ರೀ ಸರ್ರ?" ಎಂದರು, ನಗದೆ. ರಟ್ಟು ಇನ್ನೂ ಅಲ್ಲೇ ಇದೆ. ಹಳೆಯದನ್ನು ತೆಗೆದು ಹೊಸದು ಹಾಸಿದ್ದಾರೆ, ಇಲ್ಲಿಯವರೆಗೆ ಒಣಗೇ ಇದೆ. ಮೀಟರಿನಲ್ಲಿ 3,200 ಆಗಿದೆ, ಇನ್ನು 1,800 ಬಾಕಿ. ದೀಪಾವಳಿಗೆ ಪುತ್ತೂರಿಗೆ ಬಸ್ ಟಿಕೆಟ್ ತೆಗೆದಿದ್ದೇನೆ.