ಜೀರಿಗೆಯ ಬಾಯಲ್ಲಿ ನೊರೆ ಬಂದ ದಿನ

ಚಳಿ ಇಳಿಯುವ ಹೊತ್ತಿಗೆ ನಮ್ಮ ಕೊಪ್ಪ ತಾಲ್ಲೂಕಿನ ಊರುಗಳಲ್ಲಿ ಉಣುಗಿನ ಮಾತು ಶುರುವಾಗುತ್ತದೆ. ಕಾಡಿನಲ್ಲಿ ದರಗು ಒಣಗಿ ಬಿದ್ದಿರುತ್ತದೆ. ಮೇಯಲು ಹೋದ ದನ ಸಂಜೆ ಮನೆಗೆ ಬರುವಾಗ ಕಿವಿಯ ಸಂದಿನಲ್ಲಿ, ಕೆಚ್ಚಲ ಬುಡದಲ್ಲಿ ಉಣುಗನ್ನು ಹೊತ್ತು ತರುತ್ತದೆ. ಬೇರೆ ಕಡೆಯವರಿಗೆ ಅದು ರಕ್ತ ಹೀರುವ ಹುಳು ಅಷ್ಟೆ. ನಮಗೆ ಅದರ ಹೆಸರು ಕೇಳಿದರೆ ಅದು ಕಚ್ಚಿ ಹರಡುವ ಮಂಗನ ಕಾಯಿಲೆ ನೆನಪಾಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಆ ಜ್ವರ ಮಲೆನಾಡನ್ನು ಇಂದಿಗೂ ಬಿಟ್ಟಿಲ್ಲ. ಹಾಗಾಗಿ ದನಕ್ಕೆ ಉಣುಗಿನ ಔಷಧಿ ಹಚ್ಚುವುದು ನಮ್ಮಲ್ಲಿ ಮನೆಮಂದಿಯ ಜೀವದ ಪ್ರಶ್ನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಓದಿ ಯಾರೂ ಔಷಧಿಯ ಬಾಟಲಿಯನ್ನೇ ತಿಪ್ಪೆಗೆ ಎಸೆಯಬಾರದು.

ನಮ್ಮ ಗೌರಿ ಮಲೆನಾಡು ಗಿಡ್ಡ ತಳಿಯ ಹಸು. ಅವಳಿಗೆ ಆ ದಿನ ಸಂಜೆ ಯಜಮಾನರು ಔಷಧಿಯನ್ನು ನೀರಿಗೆ ಬೆರೆಸಿ ಮೈತುಂಬ ಹಚ್ಚಿದ್ದರು. ಪ್ರತಿ ವರ್ಷವೂ ನಡೆಯುವ ಕೆಲಸ. ನಮ್ಮ ಬೆಕ್ಕು ಜೀರಿಗೆಗೆ ಚಳಿಗಾಲದಲ್ಲಿ ಗೌರಿಯ ಹೊಟ್ಟೆಯ ಬದಿಯೇ ಹಾಸಿಗೆ. ಕಂದು ಮೈಮೇಲೆ ಜೀರಿಗೆ ಚೆಲ್ಲಿದ ಹಾಗೆ ಸಣ್ಣ ಗೆರೆಗಳಿರುವುದರಿಂದ ಅವಳಿಗೆ ಆ ಹೆಸರು ಬಂದಿದೆ. ಹಸು ಮಲಗಿದ ಕೂಡಲೇ ಇವಳು ಹೋಗಿ ಅದರ ಮೈಗೆ ಮೈ ಒತ್ತಿ ಮಲಗುತ್ತಾಳೆ, ಬೆಳಗಿನ ಜಾವ ಎದ್ದು ತನ್ನ ಮೈಯನ್ನೆಲ್ಲ ನೆಕ್ಕಿ ಚೊಕ್ಕಟ ಮಾಡಿಕೊಳ್ಳುತ್ತಾಳೆ.

ಮರುದಿನ ಬೆಳಗ್ಗೆ ಸಗಣಿ ಬಾಚಲು ಹೋದ ಅತ್ತೆ ಕೊಟ್ಟಿಗೆಯಿಂದಲೇ ಕೂಗಿದರು. "ಬೇಗ ಬಾರೇ, ಜೀರಿಗೆಗೆ ಏನೋ ಆಗಿದೆ."

ನಾನು ಹೋಗುವಾಗ ಅವಳು ಮೇವಿನ ಗೋದಲಿಯ ಪಕ್ಕ ನಿಂತಿದ್ದಳು. ಬಾಯಿಯ ಎರಡೂ ಕೊನೆಗಳಲ್ಲಿ ಬಿಳಿ ನೊರೆ ಗುಪ್ಪೆಯಾಗಿತ್ತು. ಗಲ್ಲದಿಂದ ಜೊಲ್ಲು ದಾರದಂತೆ ಇಳಿದು ಎದೆಯ ಕೂದಲು ತೊಯ್ದು ಅಂಟಿಕೊಂಡಿತ್ತು. ತಲೆ ಕೊಡವಿದಾಗಲೆಲ್ಲ ನೊರೆಯ ಹನಿಗಳು ಗೋಡೆಗೆ ಸಿಡಿಯುತ್ತಿದ್ದವು. ನಾಲಿಗೆ ಒಳಗೆ ಹೊರಗೆ ಆಡುತ್ತಲೇ ಇತ್ತು. ಇನ್ನೂ ಒಂದನ್ನು ಗಮನಿಸಿದೆ, ಆಮೇಲೆ ಅದೇ ಮುಖ್ಯವಾಯಿತು: ಕಿವಿಗಳು ಒಂದಾದ ಮೇಲೆ ಒಂದು ಪಟಪಟ ಅದುರುತ್ತಿದ್ದವು, ಬೆನ್ನಿನ ಚರ್ಮ ತಾನಾಗಿಯೇ ನಡುಗುತ್ತಿತ್ತು, ಮುಂಗಾಲನ್ನು ಎತ್ತೆತ್ತಿ ಕೊಡವುತ್ತಿದ್ದಳು.

ಅತ್ತೆಯ ಕೂಗು ಕೇಳಿ ಪಕ್ಕದ ಮನೆಯ ಅಣ್ಣ ದೊಣ್ಣೆ ಹಿಡಿದು ಬೇಲಿ ದಾಟಿ ಬಂದರು. "ಮುಟ್ಟಬೇಡಿ ಅಕ್ಕ. ಹುಚ್ಚು ಹಿಡಿದಿದೆ. ಮಕ್ಕಳಿರುವ ಮನೆ, ಒಂದೇ ಏಟಿಗೆ ಮುಗಿಸಿಬಿಡುತ್ತೇನೆ."

ಅವರು ಕೆಟ್ಟವರಲ್ಲ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ. ಆ ರೋಗ ಬಂದ ಪ್ರಾಣಿಯ ಜೊಲ್ಲಿನಲ್ಲಿಯೇ ವೈರಸ್ ಇರುತ್ತದೆ. ಹೆದರುವುದು ನ್ಯಾಯವೇ. ಆದರೆ ನೊರೆ ಕಂಡ ಕೂಡಲೇ ದೊಣ್ಣೆ ಎತ್ತುವುದರಿಂದ ನಮ್ಮ ಊರುಗಳಲ್ಲಿ ಎಷ್ಟು ಬೆಕ್ಕುಗಳು ಸುಮ್ಮನೆ ಸತ್ತಿರಬಹುದು ಎಂದು ಈಗ ಯೋಚಿಸಿದರೆ ಹೊಟ್ಟೆ ಸಂಕಟವಾಗುತ್ತದೆ. ರೇಬಿಸ್ ಹೀಗೆ ಒಂದು ಬೆಳಗ್ಗೆ ಬರಿಯ ನೊರೆಯಾಗಿ ಬರುವುದಿಲ್ಲ. ಮೊದಲು ಪ್ರಾಣಿಯ ಸ್ವಭಾವ ಬದಲಾಗುತ್ತದೆ: ಮೂಲೆ ಸೇರುತ್ತದೆ, ಅಥವಾ ಕಾರಣವಿಲ್ಲದೆ ಎಗರಿ ಕಚ್ಚುತ್ತದೆ, ಅನ್ನ ನೀರು ಬಿಡುತ್ತದೆ. ಗಂಟಲಿನ ನರಗಳು ಸೋತು ನುಂಗಲಾಗದೆ ಜೊಲ್ಲು ಸುರಿಯುತ್ತದೆ. ಜೀರಿಗೆ ಹಿಂದಿನ ರಾತ್ರಿ ಮೀನಿನ ಅನ್ನ ತಿಂದು ಮಲಗಿದವಳು. ಹೆಸರು ಹಿಡಿದು ಕರೆದರೆ ತಿರುಗಿ ನೋಡಿ ಮಿಯಾಂವ್ ಎಂದಳು, ವಾಲಾಡುತ್ತ ನನ್ನ ಕಡೆಗೇ ಹೆಜ್ಜೆ ಇಟ್ಟಳು. ಪ್ರತಿ ವರ್ಷ ರೇಬಿಸ್ ಲಸಿಕೆಯೂ ಆಗಿತ್ತು.

ಅಷ್ಟಾದರೂ ಬರಿಗೈಯಲ್ಲಿ ಮುಟ್ಟಲಿಲ್ಲ. ಕೋಳಿ ಕವುಚುವ ಬುಟ್ಟಿಯನ್ನು ತಂದು ಅವಳ ಮೇಲೆ ಮುಚ್ಚಿದೆವು. ಮಗನನ್ನು ಒಳಗೆ ಕಳಿಸಿದೆ. ಇಂಥ ಹೊತ್ತಿನಲ್ಲಿ ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅದರಲ್ಲಿ ರಾಜಿಯೇ ಇಲ್ಲ.

ಅಷ್ಟರಲ್ಲಿ ಅಂಗಳ ತುಂಬ ಜನ, ತುಂಬ ಮದ್ದು. ಒಬ್ಬರು ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಿ ಎಂದರು. ಇನ್ನೊಬ್ಬರು ಹಾಲು, ಮತ್ತೊಬ್ಬರು ಕೊಬ್ಬರಿ ಎಣ್ಣೆ ಎಂದರು. ಸರಿಯಾಗಿ ನುಂಗಲಾಗದ ಬೆಕ್ಕಿಗೆ ಏನು ಸುರಿದರೂ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಉಪ್ಪು ಹೆಚ್ಚಾದರೆ ಅದೇ ವಿಷ. ನಾನು ಬುಟ್ಟಿಯ ಎದುರು ಕೂತು ಯಾರಿಗೂ ಹತ್ತಿರ ಬರಲು ಬಿಡಲಿಲ್ಲ. ಹಿರಿಯರ ಮಾತು ಮೀರಿದೆ ಎಂದು ಕೆಲವರಿಗೆ ಬೇಸರವಾಯಿತು, ಆಗಲಿ.

ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ತೋಟದ ಮೇಲಿನ ಗುಡ್ಡಕ್ಕೆ ಹೋಗಬೇಕು. ಯಜಮಾನರು ಔಷಧಿಯ ಬಾಟಲಿ ಹಿಡಿದುಕೊಂಡೇ ಗುಡ್ಡ ಹತ್ತಿ ಪಶುವೈದ್ಯರಿಗೆ ಕರೆ ಮಾಡಿದರು. ವೈದ್ಯರು ಮೊದಲು ಕೇಳಿದ್ದು ನೊರೆಯ ಬಗ್ಗೆ ಅಲ್ಲವಂತೆ. "ನಿನ್ನೆಯಿಂದ ಮನೆಯಲ್ಲಿ, ತೋಟದಲ್ಲಿ ಏನು ಹಚ್ಚಿದ್ದೀರಿ, ಏನು ಸಿಂಪಡಿಸಿದ್ದೀರಿ? ಬೆಕ್ಕು ಎಲ್ಲಿ ಮಲಗಿತ್ತು? ಮೈ ಅದುರುತ್ತಿದೆಯೇ?" ಬಾಟಲಿಯ ಮೇಲಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿಸಿಕೊಂಡರು: ಡೆಲ್ಟಾಮೆಥ್ರಿನ್. "ಕರೆದುಕೊಂಡು ಬನ್ನಿ. ಆದರೆ ಹೊರಡುವ ಮೊದಲು ಮೈ ತೊಳೆಯಿರಿ. ಪಾತ್ರೆ ತೊಳೆಯುವ ದ್ರವ ಸೋಪು ಹಾಕಿ, ಉಗುರು ಬೆಚ್ಚಗಿನ ನೀರಿನಲ್ಲಿ. ಬಿಸಿ ಬೇಡ, ತಣ್ಣೀರು ಖಂಡಿತ ಬೇಡ."

ಏಕೆ ಎಂದು ಆಮೇಲೆ ತಿಳಿಯಿತು. ಆ ಔಷಧಿ ಎಣ್ಣೆಯ ಜಾತಿಯದು, ಬರಿಯ ನೀರಿಗೆ ಬಿಡುವುದಿಲ್ಲ. ಪಾತ್ರೆಯ ಜಿಡ್ಡು ತೆಗೆಯುವ ಸೋಪಿಗೆ ಬಿಡುತ್ತದೆ. ಬಿಸಿನೀರು ಸುರಿದರೆ ಚರ್ಮದ ರಕ್ತನಾಳಗಳು ಅರಳಿ ವಿಷ ಇನ್ನಷ್ಟು ಒಳಗೆ ಹೋಗುತ್ತದೆ. ತಣ್ಣೀರು ಸುರಿದರೆ ಮೈ ತಣ್ಣಗಾಗಿ ನಡುಕ ಹೆಚ್ಚುತ್ತದೆ, ಏಕೆಂದರೆ ಈ ವಿಷಕ್ಕೆ ತಣ್ಣನೆಯ ಮೈಯಲ್ಲಿ ಬಲ ಜಾಸ್ತಿ.

ಬಚ್ಚಲ ಹಂಡೆಯ ನೀರಿಗೆ ತಣ್ಣೀರು ಬೆರೆಸಿ ಮೊಣಕೈ ಅದ್ದಿ ನೋಡಿದೆ. ರಬ್ಬರ್ ಕೈಗವಸು ಹಾಕಿಕೊಂಡು, ಗೋಣಿಚೀಲದಲ್ಲಿ ಸುತ್ತಿದ ಜೀರಿಗೆಯನ್ನು ಎತ್ತಿ ತಂದೆ. ಅತ್ತೆ ಕುತ್ತಿಗೆಯ ಹಿಂಭಾಗವನ್ನು ಹಿಡಿದರು. ಬೇರೆ ದಿನವಾದರೆ ನೀರು ಕಂಡರೆ ಕೈ ಸೀಳುವವಳು ಅಂದು ಸುಮ್ಮನೆ ನಡುಗುತ್ತ ನಿಂತಳು. ಅದನ್ನು ನೋಡಿಯೇ ನನಗೆ ಅಳು ಬಂದದ್ದು. ಕುತ್ತಿಗೆ, ಹೊಟ್ಟೆ, ಬಾಲ, ಪಾದದ ಬೆರಳುಗಳ ಸಂದು, ಹಸುವಿಗೆ ಒತ್ತಿಕೊಂಡಿದ್ದ ಬಲಮಗ್ಗುಲು, ಎಲ್ಲ ಕಡೆ ಸೋಪು ಉಜ್ಜಿ ತೊಳೆದೆವು, ಮತ್ತೆ ಉಜ್ಜಿ ತೊಳೆದೆವು. ಬಾಯಿಗೆ ನೀರು ಹಾಕಲಿಲ್ಲ. ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ತುಟಿಯ ಸುತ್ತ ಒರೆಸಿದೆ ಅಷ್ಟೆ. ಆಮೇಲೆ ಒಣ ಬೈರಾಸಿನಲ್ಲಿ ಸುತ್ತಿ ಒಲೆಯ ಎದುರು ಅತ್ತೆಯ ಮಡಿಲಲ್ಲಿ ಸ್ವಲ್ಪ ಆರಿಸಿ, ಮುಚ್ಚಳದ ಬುಟ್ಟಿಯಲ್ಲಿಟ್ಟು ಜೀಪು ಹತ್ತಿದೆವು. ಬಾಟಲಿಯನ್ನೂ ಕಟ್ಟಿಕೊಂಡೆವು.

ಆಸ್ಪತ್ರೆಯಲ್ಲಿ ವೈದ್ಯರು ಟಾರ್ಚ್ ಹಾಕಿ ಕಣ್ಣಿನ ಪಾಪೆ ನೋಡಿದರು, ಜ್ವರ ನೋಡಿದರು, ಒಸಡನ್ನು ಒತ್ತಿ ಬಣ್ಣ ಮರಳುವುದನ್ನು ನೋಡಿದರು. ಬಾಟಲಿ ತಂದದ್ದಕ್ಕೆ ಅವರಿಗೆ ತುಂಬ ಸಮಾಧಾನವಾಯಿತು. ನಮ್ಮ ಕಡೆ ಕಾಫಿ, ಅಡಿಕೆ, ಮೆಣಸಿನ ತೋಟಗಳ ನಡುವೆ ಬದುಕುವ ಬೆಕ್ಕು ಎರಡು ಬಗೆಯ ಕೀಟನಾಶಕಕ್ಕೆ ಸಿಕ್ಕಬಹುದು ಎಂದರು. ಕಾಂಡಕೊರಕಕ್ಕೆ ಬಳಸಿದ ಕ್ಲೋರ್‌ಪೈರಿಫಾಸ್‌ನಂಥವುಗಳ ಗುಂಪಿನಲ್ಲಿ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಕಣ್ಣೀರು ಸುರಿಯುತ್ತದೆ, ಭೇದಿಯಾಗುತ್ತದೆ, ಎದೆಯಲ್ಲಿ ನೀರು ತುಂಬಿದಂತೆ ಉಸಿರು ಗೊರಗುಟ್ಟುತ್ತದೆ. ಅದಕ್ಕೆ ಅಟ್ರೋಪಿನ್ ಎಂಬ ಪ್ರತಿಮದ್ದು ಇದೆ. ಜೀರಿಗೆಗೆ ತಾಗಿದ್ದು ಇನ್ನೊಂದು ಗುಂಪು, ಪೈರೆಥ್ರಾಯ್ಡ್. ಸೇವಂತಿಗೆಯ ಬಳಗದ ಒಂದು ಹೂವಿನಲ್ಲಿರುವ ಕೀಟನಾಶಕವನ್ನು ನೋಡಿ ಕಾರ್ಖಾನೆಯಲ್ಲಿ ಮಾಡಿದ ಔಷಧಿಗಳು ಇವು. ಇವಕ್ಕೆ ಪ್ರತಿಮದ್ದು ಇಲ್ಲ. ಮೈ ತೊಳೆಯಬೇಕು, ಬೆಚ್ಚಗಿಡಬೇಕು, ನಡುಕ ನಿಲ್ಲಿಸಬೇಕು. ನೊರೆ ಎರಡರಲ್ಲೂ ಒಂದೇ, ಚಿಕಿತ್ಸೆ ಬೇರೆ. ಬಾಟಲಿ ಇಲ್ಲದಿದ್ದರೆ ವೈದ್ಯರು ಕೇವಲ ಲಕ್ಷಣಗಳನ್ನು ನೋಡಿ ಅಂದಾಜು ಮಾಡಬೇಕಾಗುತ್ತಿತ್ತು.

"ಹಸುವಿಗೆ ಏನೂ ಆಗಿಲ್ಲವಲ್ಲ ಡಾಕ್ಟರೇ?" ಎಂದು ಅತ್ತೆ ಕೇಳಿದರು. ಉತ್ತರ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದೆ. ಹಸುವೂ ನಾಯಿಯೂ ಮನುಷ್ಯರೂ ಯಕೃತ್ತಿನಲ್ಲಿ ಕರಗಿಸಿ ಹೊರಹಾಕುವ ಎಷ್ಟೋ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಕರಗಿಸಲಾರದು, ಅದಕ್ಕೆ ಬೇಕಾದ ಕಿಣ್ವ ಬೆಕ್ಕಿನಲ್ಲಿ ತೀರ ಕಡಿಮೆ. ನಾಯಿಯ ಬೆನ್ನಿಗೆ ಹಾಕುವ ಪರ್ಮೆಥ್ರಿನ್ ಹನಿ ಬೆಕ್ಕಿಗೆ ಯಮಸಮಾನ. ಜ್ವರಕ್ಕೆ ನಾವು ನುಂಗುವ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ನೆಲ ಒರೆಸುವ ಫಿನಾಯಿಲ್ ಮೇಲೆ ನಡೆದು ಪಾದ ನೆಕ್ಕಿದರೂ ತೊಂದರೆ. ಮೈಗೆ ಅಂಟಿದ್ದೆಲ್ಲವೂ ಬೆಕ್ಕಿನ ಬಾಯಿಗೆ ಹೋಗುತ್ತದೆ. ಅದು ತಿನ್ನಬೇಕೆಂದೇನೂ ಇಲ್ಲ.

ನೊರೆ ಬರುವುದು ಹೇಗೆ ಎಂದೂ ಹೇಳಿದರು. ಆ ಔಷಧಿ ನಾಲಿಗೆಗೆ ತಾಗಿದರೆ ಜುಮುಜುಮು ಉರಿಯುತ್ತದೆ. ಬಾಯಿ ತೊಳೆದುಕೊಳ್ಳಲು ಬೆಕ್ಕಿಗೆ ಇರುವುದು ಜೊಲ್ಲು ಒಂದೇ. ಜೊಲ್ಲು ಸುರಿಯುತ್ತದೆ, ಬೆಕ್ಕು ಬಾಯಿ ಚಪ್ಪರಿಸಿ ತಲೆ ಕೊಡವುತ್ತದೆ, ಗಾಳಿ ಸೇರಿ ಮಜ್ಜಿಗೆ ಕಡೆದಂತೆ ನೊರೆಯೇಳುತ್ತದೆ. ಆದ್ದರಿಂದ ಕಹಿ ಮಾತ್ರೆ ಕಚ್ಚಿದರೂ ನೊರೆ ಬರುತ್ತದೆ, ಕೆಸುವಿನ ಎಲೆ ಅಗಿದು ಅದರ ಹರಳು ಬಾಯಿಗೆ ಚುಚ್ಚಿದರೂ ಬರುತ್ತದೆ. ಜೀಪಿನಲ್ಲಿ ಹೊಟ್ಟೆ ತೊಳಸಿದರೂ, ಹಲ್ಲು ಹುಳುಕಾಗಿ ಒಸಡು ಹುಣ್ಣಾದರೂ, ಸೂಜಿದಾರ ನಾಲಿಗೆಯ ಬುಡಕ್ಕೆ ಸುತ್ತಿಕೊಂಡರೂ ಬರುತ್ತದೆ. ದಾರ ಕಂಡರೆ ಎಳೆಯಬಾರದು, ಇನ್ನೊಂದು ತುದಿ ಕರುಳಿನಲ್ಲಿರಬಹುದು.

ನಡುಕಕ್ಕೆ ಇಂಜೆಕ್ಷನ್ ಕೊಟ್ಟು, ಮುಂಗಾಲಿನ ಕೂದಲು ಬೋಳಿಸಿ ಡ್ರಿಪ್ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ನೊರೆ ನಿಂತಿತು. ಕಿವಿಯ ಅದುರು ಮಾತ್ರ ರಾತ್ರಿಯಲ್ಲೂ ಬಿಡಲಿಲ್ಲ. ಮನೆಗೆ ತಂದ ಮೇಲೆ ಅಡಿಕೆ ದಾಸ್ತಾನಿನ ಕತ್ತಲ ಕೋಣೆಯಲ್ಲಿ, ಬಟ್ಟೆ ಸುತ್ತಿದ ಬೆಚ್ಚನೆಯ ನೀರಿನ ಬಾಟಲಿಯ ಪಕ್ಕ ಮಲಗಿಸಿದೆವು. ಪಾತ್ರೆ ಬಿದ್ದ ಸದ್ದಿಗೂ ಮೈ ಜುಮ್ಮೆಂದು ನಡುಗುತ್ತಿತ್ತು, ಹಾಗಾಗಿ ಟಿವಿ ಬಂದ್, ಮಗನ ಗಲಾಟೆ ಬಂದ್. ನಡುಕ ಪೂರ್ತಿ ಇಳಿದು ತಾನಾಗಿಯೇ ಎದ್ದು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಕೂಗಿದಾಗ ಅತ್ತೆ ಹಿಂದಿನ ದಿನ ತೆಗೆದಿರಿಸಿದ್ದ ಮೀನನ್ನು ಪೂರಾ ಅವಳಿಗೇ ಹಾಕಿದರು. ಡ್ರಿಪ್‌ಗೆ ಬೋಳಿಸಿದ ಜಾಗದಲ್ಲಿ ಕೂದಲು ಬರಲು ಮಳೆಗಾಲ ಬಂತು.

ಗೌರಿಗೆ ಔಷಧಿ ಹಚ್ಚುವುದನ್ನು ನಾವು ಬಿಟ್ಟಿಲ್ಲ. ಹಚ್ಚಿದ ದಿನ ಜೀರಿಗೆ ಮನೆಯೊಳಗೆ ಕೂಡಿಹಾಕಿಸಿಕೊಳ್ಳುತ್ತಾಳೆ, ಹಸುವಿನ ಮೈ ಪೂರ್ತಿ ಒಣಗಿ ಹಾಸಿನ ದರಗು ಬದಲಾಯಿಸಿದ ಮೇಲೆಯೇ ಕೊಟ್ಟಿಗೆಯ ಬಾಗಿಲು. ಬೆರೆಸಿದ ಬಕೆಟ್ಟನ್ನು ಕವುಚಿಡುತ್ತೇವೆ. ಡೇರಿಗೆ ಹಾಲು ಹಾಕಲು ಬರುವ ಹೆಂಗಸರಿಗೆಲ್ಲ ಇದನ್ನು ಹೇಳಿದ್ದೇನೆ, ಏಕೆಂದರೆ ಕೊಟ್ಟಿಗೆ ಇರುವ ಮನೆಯಲ್ಲೆಲ್ಲ ಬೆಕ್ಕೂ ಇರುತ್ತದೆ.

ಮಳೆ ಹಿಡಿದ ಮೇಲೆ ಒಂದು ರಾತ್ರಿ ಪಕ್ಕದ ಮನೆಯ ಅಣ್ಣ ಟಾರ್ಚ್ ಹಿಡಿದು ಬಂದರು. ಈ ಸಲ ಕೈಯಲ್ಲಿ ದೊಣ್ಣೆ ಇರಲಿಲ್ಲ. "ಅಕ್ಕ, ನಮ್ಮ ಬೆಕ್ಕಿನ ಮರಿಗೂ ನೊರೆ ಬರುತ್ತಿದೆ." ಮೈ ಅದುರುತ್ತಿದೆಯೇ ಎಂದು ಕೇಳಿದೆ, ಇಲ್ಲ ಎಂದರು. ಏನಾದರೂ ಹಚ್ಚಿದ್ದೀರಾ, ಸಿಂಪಡಿಸಿದ್ದೀರಾ? ಇಲ್ಲ. ಜಗಲಿಯ ಕೆಳಗೆ ಟಾರ್ಚ್ ಬಿಟ್ಟರೆ ಮೈತುಂಬ ಗುಳ್ಳೆಯ ದಪ್ಪ ನೆಲಗಪ್ಪೆ ಕೂತಿತ್ತು. ಅದರ ಕಣ್ಣಿನ ಹಿಂದಿನ ಉಬ್ಬಿದ ಗ್ರಂಥಿಗಳಿಂದ ಬಿಳಿ ಹಾಲಿನಂಥ ಕಹಿ ವಿಷ ಒಸರುತ್ತದೆ. ಮರಿ ಅದನ್ನು ಬಾಯಿ ಹಾಕಿ ಕಚ್ಚಿತ್ತು. ಕೈಗವಸು ಹಾಕಿ ಮರಿಯ ತಲೆ ಬಗ್ಗಿಸಿ, ಒದ್ದೆ ಬಟ್ಟೆಯಿಂದ ಒಸಡು, ನಾಲಿಗೆಯನ್ನು ಒಳಗಿನಿಂದ ಹೊರಕ್ಕೆ ಒರೆಸಿದೆವು, ಪ್ರತಿ ಸಲವೂ ಬಟ್ಟೆ ತೊಳೆದು. ಸ್ವಲ್ಪ ಹೊತ್ತಿಗೆ ಜೊಲ್ಲು ಕಡಿಮೆಯಾಯಿತು.

"ಸರಿ ಹೋಯಿತಲ್ಲ, ಇನ್ನು ಆಸ್ಪತ್ರೆಗೆ ಬೇಡ ಅಲ್ಲವೇ?" ಎಂದರು ಅಣ್ಣ. ಕಪ್ಪೆಯ ವಿಷ ಹೃದಯದ ಬಡಿತವನ್ನೂ ಕೆಡಿಸಬಹುದು, ಮರಿ ಸಣ್ಣದು, ಬೆಳಗಾಗುತ್ತಲೇ ತೋರಿಸಿ, ರಾತ್ರಿ ಉಸಿರು ಏರಿದರೆ ಅಥವಾ ಕಾಲು ಸೋತರೆ ಆಗಲೇ ಎಬ್ಬಿಸಿ, ಜೀಪು ಇದೆ ಎಂದೆ. ಅವರು ರಾತ್ರಿಯಿಡೀ ಮರಿಯ ಪಕ್ಕವೇ ಕೂತಿದ್ದು, ಬೆಳಗ್ಗೆ ಮೊದಲ ಬಸ್ಸಿಗೆ ಕೊಪ್ಪಕ್ಕೆ ಹೊರಟರು.