‘ಇಗ್ನಮಿನಿ’ಗೆ ‘ಅವಮಾನ’ ಸಾಲದೇ ಹೋಗುವುದು ಎಲ್ಲಿ?

ಇಂಗ್ಲಿಷಿನಿಂದ ಬಂದ ಅನುವಾದದ ಕರಡು ತಿದ್ದುವಾಗ, ಮೂಲದಲ್ಲಿ ‘ಇಗ್ನಮಿನಿ’ (ignominy, ಎಲ್ಲರೆದುರು ಮಾನ ಕಳೆದುಕೊಳ್ಳುವುದು) ಕಂಡಲ್ಲಿ ಎರಡು ತಪ್ಪು ಹುಡುಕಬೇಕು. ಹೊಸಬರು ಅದನ್ನು ‘ಇಗ್ನರೆನ್ಸ್’ ಜೊತೆ ಕಲಸಿ ‘ಅಜ್ಞಾನ’ ಎಂದುಬಿಡುತ್ತಾರೆ. ಪಳಗಿದವರು ‘ಅವಮಾನ’ ಎಂದು ಬರೆದು ಮುಂದೆ ಹೋಗುತ್ತಾರೆ. ಮೊದಲನೆಯದು ತಕ್ಷಣ ಸಿಕ್ಕಿಬೀಳುತ್ತದೆ, ಎರಡನೆಯದು ಹಾಗೇ ಅಚ್ಚಾಗುತ್ತದೆ.

ಪದದ ಮೂಲ ಲ್ಯಾಟಿನ್‌ನ ‘ಇಗ್ನೊಮಿನಿಯಾ’. ‘ಇನ್’ ಎಂದರೆ ಇಲ್ಲ, ‘ನೋಮೆನ್’ ಎಂದರೆ ಹೆಸರು. ಸಂಸ್ಕೃತದಿಂದ ನಮಗೆ ಬಂದ ‘ನಾಮ’ ಈ ನೋಮೆನ್‌ನ ದಾಯಾದಿ. ನಡುವೆ ನುಸುಳಿದ ‘ಗ್’ ಮಾತ್ರ ‘ತಿಳಿ’ ಎಂಬರ್ಥದ ‘ಗ್ನೋಸ್ಕೊ’ ಕುಟುಂಬದ ಪ್ರಭಾವ. ‘ಜ್ಞಾ’ ಧಾತುವೂ ಅದೇ ಮನೆತನದ್ದು. ಹೊಸಬರು ಎಡವುವುದು ಈ ‘ಗ್’ ಮೇಲೆಯೇ, ಪಾಪ. ಪದ 16ನೇ ಶತಮಾನದಲ್ಲಿ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು.

ಪ್ರಾಚೀನ ರೋಮ್‌ನಲ್ಲಿ ಇದು ಬರೀ ಬೈಗುಳವಾಗಿರಲಿಲ್ಲ. ಪೌರರ ಪಟ್ಟಿ ಪರಿಷ್ಕರಿಸುವಾಗ ಸೆನ್ಸರ್ ಎಂಬ ಅಧಿಕಾರಿಗಳು ನಡತೆಗೆಟ್ಟವನ ಹೆಸರಿನ ಎದುರು ‘ನೋಟಾ’ ಎಂಬ ಗುರುತು ಹಾಕುತ್ತಿದ್ದರು. ಅದರಿಂದ ಸೆನೆಟ್ ಸದಸ್ಯತ್ವ ಹೋಗಬಹುದಿತ್ತು, ಅಶ್ವಾರೋಹಿ ವರ್ಗದವನಿಗೆ ಸರ್ಕಾರ ಕೊಟ್ಟ ಕುದುರೆ ಕೈತಪ್ಪಬಹುದಿತ್ತು. ಮುಂದಿನ ಸೆನ್ಸರ್‌ಗಳು ಬಯಸಿದರೆ ಗುರುತು ಅಳಿಸಬಹುದಿತ್ತು. ಸೈನ್ಯದಿಂದ ಮಾನಗೆಡಿಸಿ ಹೊರಹಾಕುವುದಕ್ಕೆ ‘ಮಿಸ್ಸಿಯೊ ಇಗ್ನೊಮಿನಿಯೋಸಾ’ ಎಂಬ ಹೆಸರಿತ್ತು. ಅಂದರೆ ಈ ಪದದ ಹಿಂದೆ ಇರುವುದು ನಾಲ್ಕು ಜನರ ಮುಂದೆ ಸ್ಥಾನ ಕಳೆದುಕೊಳ್ಳುವುದು.

ಹಾಗಾಗಿ ಕನ್ನಡ ಪದ ಆರಿಸುವ ಮೊದಲು ವಾಕ್ಯದಲ್ಲಿ ಎರಡು ಅಂಶ ನೋಡಿ: ಎಲ್ಲರ ಕಣ್ಣೆದುರು ನಡೆದದ್ದೇ? ಇದ್ದ ಗೌರವದಿಂದ ಕೆಳಗೆ ಬಿದ್ದದ್ದೇ? ಎರಡೂ ಇದ್ದರೆ ಬರೀ ‘ಅವಮಾನ’ ಸಾಲದು. ಹಾಗೆಂದು ‘ಮಾನಭಂಗ’ಕ್ಕೆ ಕೈಹಾಕಬೇಡಿ, ಅದು ಈಗ ಲೈಂಗಿಕ ದೌರ್ಜನ್ಯದ ಕಡೆ ವಾಲಿದೆ. ‘ಮುಖಭಂಗ’ ಚಿಕ್ಕ ಹಿನ್ನಡೆಗೆ ಸಾಕು. ಸೋಲಿನ ಜೊತೆ ಇದರ ವಿಶೇಷಣ ರೂಪ ‘ಇಗ್ನಮಿನಿಯಸ್’ ಬಂದರೆ ‘ಹೀನಾಯ ಸೋಲು’ ತಯಾರಾಗಿಯೇ ಇದೆ. ಹತ್ತಿರದ ಇಂಗ್ಲಿಷ್ ಪದಗಳಲ್ಲಿ ‘ಇನ್ಫಮಿ’ ಬೇರೆ, ಕೆಟ್ಟ ಕೆಲಸಕ್ಕೆ ಅಂಟುವ ‘ಕುಖ್ಯಾತಿ’ ಅದು. ‘ಒಪ್ರೋಬ್ರಿಯಮ್’ ಜನ ಹಾಕುವ ಛೀಮಾರಿ.

ತುಂಬಾ ಕಾಡುವುದು ‘ಸಫರ್ಡ್ ದಿ ಇಗ್ನಮಿನಿ ಆಫ್’ ಎಂಬ ಕಟ್ಟು. ‘ತಾನು ನಾಯಕನಾಗಿದ್ದ ತಂಡದಿಂದ ಕೈಬಿಡಲ್ಪಟ್ಟ ಅವಮಾನವನ್ನು ಅನುಭವಿಸಿದನು’ ಎಂದು ಬರೆದರೆ ಓದುಗ ಅರ್ಧದಲ್ಲೇ ಉಸಿರು ಬಿಡುತ್ತಾನೆ. ನಾಮಪದವನ್ನು ಒಡೆದು ಕ್ರಿಯಾಪದ ಮಾಡಿ: ‘ನಾಯಕನಾಗಿ ಮೆರೆದ ತಂಡದಲ್ಲೇ ಜಾಗ ಸಿಗದೆ ತಲೆತಗ್ಗಿಸಬೇಕಾಯಿತು’. ‘ಮೆರೆದ’ ಹಿಂದಿನ ಸ್ಥಾನ ಹೇಳುತ್ತದೆ, ‘ತಲೆತಗ್ಗಿಸು’ ನೋಡುವವರನ್ನು ಒಳಗೆ ತರುತ್ತದೆ. ರೋಮ್ ಇತಿಹಾಸದ ಪಠ್ಯವಾದರೆ ಈ ಸ್ವಾತಂತ್ರ್ಯ ಬೇಡ. ಅಲ್ಲಿ ಅದು ಪಾರಿಭಾಷಿಕ ಪದ, ‘ಇಗ್ನೊಮಿನಿಯಾ’ ಎಂದೇ ಉಳಿಸಿ ಮೊದಲ ಬಾರಿ ಬಂದಲ್ಲಿ ಅರ್ಥ ಕೊಡಿ.